ರೆಟಿನಾ ಆಪರೇಷನ್ ನಂತರದ ದೃಷ್ಟಿ: ಎಷ್ಟು ಬರುತ್ತೆ, ಯಾವಾಗ ಬರುತ್ತೆ, ಯಾಕೆ ಅಲ್ಲಿಗೇ ನಿಲ್ಲುತ್ತೆ?

ಕುತೂಹಲಿ
ಡಿಸ್ಚಾರ್ಜ್ ಹಾಳೆಯಲ್ಲಿ "ರೆಟಿನಾ (ಕಣ್ಣಿನ ಹಿಂಭಾಗದಲ್ಲಿ ಬೆಳಕು ಹಿಡಿಯೋ ಪದರ) ಅಂಟಿಕೊಂಡಿದೆ" ಅಂತ ಬರೆದಿರುತ್ತೆ. ಅದೇ ಹಾಳೆಯಲ್ಲಿ ಎರಡು ಸಾಲು ಕೆಳಗೆ ದೃಷ್ಟಿ 6/60 ಅಂತಲೂ ಇರುತ್ತೆ, ಅಂದರೆ ಸರಿಯಾದ ಕಣ್ಣು 60 ಮೀಟರ್ ದೂರದಿಂದ ಓದೋದನ್ನು ಈ ಕಣ್ಣು 6 ಮೀಟರ್ ಹತ್ತಿರ ಬಂದು ಓದುತ್ತೆ. ಎರಡೂ ಒಟ್ಟಿಗೆ ಹೇಗೆ ಸರಿ? ರೆಟಿನಾ ಕಳಚಿದ್ದಕ್ಕೆ, ಮ್ಯಾಕುಲಾದ (ನೇರ ನೋಟ ಕೊಡೋ ರೆಟಿನಾದ ನಡುಭಾಗ) ತೂತಿಗೆ, ಮ್ಯಾಕುಲಾ ಮೇಲೆ ಬೆಳೆದ ತೆಳುಪದರಕ್ಕೆ, ಸಕ್ಕರೆ ಕಾಯಿಲೆಯ ರಕ್ತಸ್ರಾವಕ್ಕೆ, ಎಲ್ಲದಕ್ಕೂ ಹೆಚ್ಚಾಗಿ ಮಾಡೋದು ವಿಟ್ರೆಕ್ಟಮಿಯೇ, ಅಂದರೆ ಕಣ್ಣೊಳಗೆ ತುಂಬಿರೋ ವಿಟ್ರಿಯಸ್ ಅನ್ನೋ ಲೋಳೆ ತೆಗೆಯೋ ಆಪರೇಷನ್. ಆದರೂ ದೃಷ್ಟಿಯ ಫಲಿತಾಂಶ ಒಂದಕ್ಕೊಂದು ತಾಳೆ ಆಗೋದೇ ಇಲ್ಲ. "ಒಬ್ಬೊಬ್ಬರಿಗೆ ಒಂದೊಂದು ಥರ" ಅನ್ನೋ ಉತ್ತರ ಬೇಡ. ಯಾಕೆ ಒಂದೊಂದು ಥರ ಅನ್ನೋದು ಬೇಕು.

ಹಿಂಗಣ್ಣು
ಇವು ಎರಡು ಬೇರೆ ಲೆಕ್ಕಗಳು. ರೆಟಿನಾ ತನ್ನ ಜಾಗದಲ್ಲಿ ಕೂತಿತೇ ಎನ್ನುವುದು ರಚನೆಯ ಲೆಕ್ಕ. ಹಾಗೆ ಕೂತ ರೆಟಿನಾದಲ್ಲಿ ಎಷ್ಟು ಕೋಶಗಳು ಇನ್ನೂ ಕೆಲಸ ಮಾಡುತ್ತಿವೆ ಎನ್ನುವುದು ದೃಷ್ಟಿಯ ಲೆಕ್ಕ. ಆಪರೇಷನ್ ನೇರವಾಗಿ ಕೈ ಹಾಕುವುದು ಮೊದಲನೆಯದಕ್ಕೆ ಮಾತ್ರ.

ರೆಟಿನಾ ಕಳಚಿದ ಕಣ್ಣನ್ನೇ ತೆಗೆದುಕೊಳ್ಳಿ. ರೆಟಿನಾದ ಒಳಪದರಗಳಿಗೆ ರಕ್ತ ಬರುವುದು ಅದರದೇ ರಕ್ತನಾಳಗಳಿಂದ. ಬೆಳಕನ್ನು ಹಿಡಿಯುವ ಕೋಶಗಳು ಇರುವುದು ಹೊರಪದರದಲ್ಲಿ, ಅವುಗಳಿಗೆ ಆಮ್ಲಜನಕ ಬರುವುದು ಹಿಂದಿರುವ ರಕ್ತನಾಳಗಳ ಪದರವಾದ ಕೋರಾಯ್ಡ್‌ನಿಂದ. ರೆಟಿನಾ ಮೇಲೆದ್ದ ಕ್ಷಣದಿಂದ ಈ ಪೂರೈಕೆ ಕಡಿತ. ಮೊದಲು ಆ ಕೋಶಗಳ ತುದಿಭಾಗ ಮೊಟಕಾಗುತ್ತದೆ, ಆಮೇಲೆ ಕೋಶವೇ ಸಾಯುತ್ತದೆ. ಬೇಗ ಅಂಟಿಸಿದರೆ ತುದಿ ಮತ್ತೆ ಬೆಳೆಯುತ್ತದೆ. ಸತ್ತ ಕೋಶ ಮರಳಿ ಹುಟ್ಟುವುದಿಲ್ಲ.

ಆದ್ದರಿಂದ ಆಪರೇಷನ್‌ಗೆ ಮುಂಚೆ ಕೇಳಬೇಕಾದ ಮೊದಲ ಪ್ರಶ್ನೆ: ಮ್ಯಾಕುಲಾ ಕಳಚಿದೆಯೋ, ಇನ್ನೂ ಅಂಟಿಕೊಂಡಿದೆಯೋ? ಅಂಟಿಕೊಂಡಿದ್ದರೆ ಮುಂಚಿನ ದೃಷ್ಟಿಯನ್ನು ಬಹುತೇಕ ಉಳಿಸಿಕೊಳ್ಳಬಹುದು. ಅದಕ್ಕೇ ಅಂಥವರನ್ನು ತುರ್ತಾಗಿ, ಸಾಧ್ಯವಾದರೆ ಒಂದು ದಿನದ ಒಳಗೇ ಆಪರೇಷನ್‌ಗೆ ತೆಗೆದುಕೊಳ್ಳುವುದು. ಮ್ಯಾಕುಲಾ ಕಳಚಿದ್ದರೆ ಎರಡನೆಯ ಪ್ರಶ್ನೆ: ಕಳಚಿ ಎಷ್ಟು ದಿನವಾಯಿತು? ಒಂದು ವಾರದೊಳಗೆ ಮಾಡಿದರೆ ಸಾಕು ಎನ್ನುವ ಮಾತು ಬಹಳ ಕಾಲ ನಡೆದುಬಂತು. ಮೂರು ದಿನದೊಳಗೆ ಮಾಡಿದವರ ದೃಷ್ಟಿ ಸರಾಸರಿಯಲ್ಲಿ ಮೇಲಿರುತ್ತದೆ ಎಂದು ಈಚಿನ ದೊಡ್ಡ ದಾಖಲೆಗಳು ತೋರಿಸಿವೆ. ಮೂರನೆಯದು, ಮ್ಯಾಕುಲಾ ಎಷ್ಟು ಎತ್ತರಕ್ಕೆ ಎದ್ದಿದೆ. ಎತ್ತರ ಹೆಚ್ಚಾದಷ್ಟೂ ಕೋರಾಯ್ಡ್‌ನಿಂದ ದೂರ, ಹಾನಿ ಹೆಚ್ಚು.

ಒಂದೇ ಆಪರೇಷನ್‌ನಲ್ಲಿ ರೆಟಿನಾ ಅಂಟಿ ಉಳಿಯುವುದು ಸುಮಾರು ಶೇ. 85ರಿಂದ 90 ಕಣ್ಣುಗಳಲ್ಲಿ. ಮರುಆಪರೇಷನ್‌ಗಳನ್ನೂ ಸೇರಿಸಿದರೆ ಶೇ. 95 ದಾಟುತ್ತದೆ. ರೋಗಿಗೆ ಹೇಳುವುದು ಸಾಮಾನ್ಯವಾಗಿ ಈ ಅಂಕಿಯನ್ನೇ. ಇದು ರಚನೆಯ ಅಂಕಿ, 6/6ರ ಅಂಕಿ ಅಲ್ಲ. ನಿಮ್ಮ ಗೊಂದಲದ ಬೇರು ಇಲ್ಲಿದೆ.

ಚಾರ್ಟ್ ಮೇಡಂ
ಹಿಂಗಣ್ಣು ಸರ್ ಹೇಳಿದ್ದಕ್ಕೆ ಅಳತೆಯ ಕಡೆಯಿಂದ ಒಂದಿಷ್ಟು ಸೇರಿಸ್ತೀನಿ. "ಎರಡು ಸಾಲು ಸುಧಾರಿಸಿತು" ಅನ್ನೋ ಮಾತು ಯಾವ ಚಾರ್ಟಿನಲ್ಲಿ ಅನ್ನೋದರ ಮೇಲೆ ನಿಂತಿದೆ. ಹಳೇ ಸ್ನೆಲೆನ್ ಚಾರ್ಟಿನಲ್ಲಿ 6/60 ಆದ ಮೇಲೆ ನೇರ 6/36, ಆಮೇಲೆ 6/24. ಸಾಲಿಂದ ಸಾಲಿಗೆ ಅಂತರ ಒಂದೇ ಸಮ ಇಲ್ಲ. ಲಾಗ್‌ಮಾರ್ ಚಾರ್ಟಿನಲ್ಲಿ ಪ್ರತಿ ಸಾಲಿಗೂ 5 ಅಕ್ಷರ, ಪ್ರತಿ ಸಾಲಿಗೂ 0.1 ವ್ಯತ್ಯಾಸ. 6/6 ಅಂದರೆ 0, 6/12 ಅಂದರೆ 0.3, 6/60 ಅಂದರೆ 1.0. ರೆಟಿನಾ ಕಣ್ಣುಗಳನ್ನು ಹೋಲಿಸೋಕೆ ಇದೇ ಸರಿ.

ಇನ್ನೊಂದು, ಪಿನ್‌ಹೋಲ್. ಸಣ್ಣ ರಂಧ್ರದಲ್ಲಿ ನೋಡಿದಾಗ 6/36 ಇದ್ದದ್ದು 6/12 ಆದರೆ, ಕೊರತೆ ಹೆಚ್ಚಾಗಿ ಕನ್ನಡಕದ್ದು ಅಥವಾ ಮಸೂರದ ಪೊರೆಯದ್ದು (ಕ್ಯಾಟರಾಕ್ಟ್). ಅದನ್ನು ಸರಿಮಾಡಬಹುದು. ಪಿನ್‌ಹೋಲ್‌ನಲ್ಲೂ ಅಷ್ಟೇ ಇದ್ದರೆ, ಅಥವಾ ಇನ್ನೂ ಕಡಿಮೆ ಆದರೆ, ಮ್ಯಾಕುಲಾ ಕಡೆ ನೋಡಬೇಕು. ಅರ್ಧ ನಿಮಿಷದ ಪರೀಕ್ಷೆ. ಇದನ್ನು ಮಾಡದೇ "ನರ ವೀಕ್" ಅಂತ ಬರೆದು ಕಳಿಸಿದ ಚೀಟಿಗಳಿಗೆ ಲೆಕ್ಕ ಇಲ್ಲ.

ಥಿಯೇಟರ್ ಸಿಸ್ಟರ್
ಆಪರೇಷನ್ ಕೊನೆಗೆ ರೆಟಿನಾವನ್ನು ಒತ್ತಿ ಹಿಡಿಯೋಕೆ ಕಣ್ಣೊಳಗೆ ಗ್ಯಾಸ್ ಗುಳ್ಳೆ ಹಾಕ್ತಾರೆ. ಹಾಗೆ ಗ್ಯಾಸ್ ಹಾಕಿದ ಕಣ್ಣಿನ ಬಗ್ಗೆ ಮೊದಲೇ ಹೇಳಿಬಿಡ್ತೀನಿ, ಗಾಬರಿ ಶುರುವಾಗೋದೇ ಅಲ್ಲಿಂದ.

ಮೊದಲ ದಿನ ಪಟ್ಟಿ ಬಿಚ್ಚಿದಾಗ ಕೈ ಆಡಿಸಿದ್ದು ಮಾತ್ರ ಗೊತ್ತಾಗುತ್ತೆ. ಅದು ಸಹಜ. ಗ್ಯಾಸ್ ಬೆಳಕನ್ನು ಬಾಗಿಸೋ ರೀತಿಯೇ ಬೇರೆ, ಕಣ್ಣು ತಾತ್ಕಾಲಿಕವಾಗಿ ವಿಪರೀತ ಸಮೀಪದೃಷ್ಟಿಯದಾಗುತ್ತೆ. ಮೂಗಿನ ಹತ್ತಿರ, ಕೆಲವೇ ಸೆಂಟಿಮೀಟರ್ ದೂರದಲ್ಲಿ ಹಿಡಿದ ವಸ್ತು ಮಾತ್ರ ಚೆನ್ನಾಗಿ ಕಾಣಬಹುದು. ಮೊದಲ ದಿನ ನಾವು ನೋಡೋದು ಚಾರ್ಟನ್ನಲ್ಲ. ಕಣ್ಣಿನ ಪ್ರೆಶರ್ ಎಷ್ಟು, ನೋವು ಇದೆಯಾ, ಬೆಳಕು ಗೊತ್ತಾಗುತ್ತಾ, ಇಷ್ಟೇ.

ಗುಳ್ಳೆ ಕಣ್ಣೊಳಗೆ ಮೇಲೆ ತೇಲುತ್ತೆ. ಆದರೆ ರೆಟಿನಾದ ಮೇಲೆ ಬಿಂಬ ತಲೆಕೆಳಗು, ಹಾಗಾಗಿ ನೋಡೋರಿಗೆ ಅದು ಕೆಳಗಿರೋ ಹಾಗೆ ಕಾಣುತ್ತೆ. ಗ್ಯಾಸ್ ಕರಗ್ತಾ ಬಂದ ಹಾಗೆ ಮೇಲಿನಿಂದ ತಿಳಿಯಾಗ್ತಾ ಬರುತ್ತೆ, ನಡುವೆ ಒಂದು ಅಡ್ಡಗೆರೆ ರಸಮಟ್ಟದ ಗುಳ್ಳೆಯ ಥರ ತೂಗಾಡುತ್ತೆ. ಆ ಗೆರೆ ನೋಟದ ನಡುಮಧ್ಯಕ್ಕೆ ಇಳಿದಾಗ ಕಣ್ಣಲ್ಲಿ ಸುಮಾರು ಅರ್ಧ ಗ್ಯಾಸ್ ಉಳಿದಿದೆ ಅಂತ ಲೆಕ್ಕ. ನೆಲ ನೋಡಿದಾಗ ಅದೇ ಗುಳ್ಳೆ ದುಂಡಗೆ ನಡುವೆ ಕಾಣುತ್ತೆ. ಕೊನೆಗೆ ಒಂದು ಗುಳ್ಳೆ ಒಡೆದು ಮೂರ್ನಾಲ್ಕು ಆಗಬಹುದು, ಅದೂ ಸಹಜ.

ಎಷ್ಟು ದಿನ? ಗಾಳಿಯೋ, ಎಸ್‌ಎಫ್6 ಅಥವಾ ಸಿ3ಎಫ್8 ಅನ್ನೋ ಗ್ಯಾಸೋ ಅನ್ನೋದರ ಮೇಲೆ. ಬರೀ ಗಾಳಿ ಆದರೆ ಒಂದು ವಾರದ ಒಳಗೆ. ಎಸ್‌ಎಫ್6, ಶೇ. 20ರ ಮಿಶ್ರಣ, ಎರಡರಿಂದ ಮೂರು ವಾರ. ಸಿ3ಎಫ್8, ಶೇ. 12ರಿಂದ 14ರ ಮಿಶ್ರಣ, ಆರರಿಂದ ಎಂಟು ವಾರ. ಈ ಶೇಕಡಾ ತಪ್ಪಬಾರದು. ಶುದ್ಧ ಎಸ್‌ಎಫ್6 ಕಣ್ಣೊಳಗೆ ಸುಮಾರು ಎರಡು ಪಟ್ಟು ಹಿಗ್ಗುತ್ತೆ, ಶುದ್ಧ ಸಿ3ಎಫ್8 ನಾಲ್ಕು ಪಟ್ಟು. ಸಿರಿಂಜಿನಲ್ಲಿ ಗಾಳಿ ಬೆರೆಸುವಾಗ ಅಳತೆ ತಪ್ಪಿದರೆ ರಾತ್ರಿ ಹೊತ್ತಿಗೆ ಪ್ರೆಶರ್ ಏರಿ ಕೂತಿರುತ್ತೆ. ಅದಕ್ಕೇ 50 ಮಿ.ಲೀ. ಸಿರಿಂಜಿನಲ್ಲಿ ಬೆರೆಸುವಾಗ ಇಬ್ಬರು ಗಟ್ಟಿಯಾಗಿ ಓದಿ ಹೇಳಿಕೊಳ್ಳೋ ಪದ್ಧತಿ.

ಕುತೂಹಲಿ
ವಿಮಾನ ಹತ್ತಬಾರದು ಅನ್ನೋದು ಎಷ್ಟು ಗಂಭೀರ?

ಥಿಯೇಟರ್ ಸಿಸ್ಟರ್
ತುಂಬಾ. ವಿಮಾನದ ಒಳಗಿನ ಗಾಳಿಯ ಒತ್ತಡ ಸುಮಾರು 2,400 ಮೀಟರ್ ಎತ್ತರದಲ್ಲಿರೋವಷ್ಟಕ್ಕೆ ಇಳಿಯಬಹುದು. ಅಂದರೆ ನೆಲದ ಮೇಲಿನ ಮುಕ್ಕಾಲು ಭಾಗ. 1 ಮಿ.ಲೀ. ಗುಳ್ಳೆ 1.3 ಮಿ.ಲೀ. ಆಗೋಕೆ ನೋಡುತ್ತೆ. ಕಣ್ಣುಗುಡ್ಡೆ ಹಿಗ್ಗಲ್ಲ, ಪ್ರೆಶರ್ ಏರುತ್ತೆ, ರೆಟಿನಾಗೆ ರಕ್ತ ತರೋ ಮುಖ್ಯ ನಾಳವೇ ಒತ್ತಿ ಮುಚ್ಚಬಹುದು. ಎತ್ತರದ ಘಟ್ಟ ಹತ್ತೋದಕ್ಕೂ ಇದೇ ಮಾತು.

ಅದಕ್ಕಿಂತ ಮರೆತುಹೋಗೋದು ನೈಟ್ರಸ್ ಆಕ್ಸೈಡ್. ಕಣ್ಣಲ್ಲಿ ಗ್ಯಾಸ್ ಇರುವಾಗ ಬೇರೆ ಯಾವುದಕ್ಕಾದರೂ ಅರಿವಳಿಕೆ ಬೇಕಾಗಿ ಬಂದರೆ, ಹಲ್ಲಿನದ್ದೇ ಇರಲಿ ಮೂಳೆಯದ್ದೇ ಇರಲಿ, ಅರಿವಳಿಕೆ ವೈದ್ಯರಿಗೆ ಮೊದಲು ಹೇಳಬೇಕು. ನೈಟ್ರಸ್ ರಕ್ತದಿಂದ ನೇರ ಗುಳ್ಳೆಯೊಳಗೆ ನುಗ್ಗುತ್ತೆ, ನಿಮಿಷಗಳಲ್ಲಿ ಕಣ್ಣು ಹೋಗಬಹುದು. ಕೈಗೆ ಕಟ್ಟೋ ಪಟ್ಟಿ ಅದಕ್ಕೇ ಇರೋದು. ಗುಳ್ಳೆ ಪೂರ್ತಿ ಮಾಯವಾಗೋವರೆಗೂ ಬಿಚ್ಚಬೇಡಿ.

ಪದರಪದರ
ಮ್ಯಾಕುಲಾ ತೂತಿನ ಕಡೆ ಬರೋಣ. ರಚನೆ ಮತ್ತು ದೃಷ್ಟಿಯ ನಂಟು, ರೆಟಿನಾದ ಪದರಗಳನ್ನು ಅಡ್ಡ ಸೀಳಿದಂತೆ ತೋರಿಸುವ ಒಸಿಟಿ ಸ್ಕ್ಯಾನಿನಲ್ಲಿ ಇಷ್ಟು ಸ್ಪಷ್ಟವಾಗಿ ಕಾಣುವ ಕಾಯಿಲೆ ಇನ್ನೊಂದಿಲ್ಲ.

1991ರಲ್ಲಿ ಕೆಲ್ಲಿ ಮತ್ತು ವೆಂಡೆಲ್ 52 ಕಣ್ಣುಗಳ ವರದಿ ಕೊಟ್ಟರು. ತೂತು ಮುಚ್ಚಿದ್ದು ಶೇ. 58ರಲ್ಲಿ. ಆವರೆಗೆ ಇದಕ್ಕೆ ಚಿಕಿತ್ಸೆಯೇ ಇಲ್ಲ ಎನ್ನುತ್ತಿದ್ದರು. ಮುಂದೆ ರೆಟಿನಾದ ಅತ್ಯಂತ ಒಳಗಿನ ಪೊರೆಯನ್ನು, ಅಂದರೆ ಐಎಲ್‌ಎಂ ಅನ್ನು, ಬ್ರಿಲಿಯಂಟ್ ಬ್ಲೂನಂಥ ಬಣ್ಣ ಹಾಕಿ ಸುಲಿಯುವುದು ರೂಢಿಗೆ ಬಂತು. ಈಗ ಶೇ. 90ಕ್ಕೂ ಹೆಚ್ಚು ತೂತುಗಳು ಒಂದೇ ಆಪರೇಷನ್‌ಗೆ ಮುಚ್ಚುತ್ತವೆ.

ತೂತಿನ ಅಳತೆ ಕೇಳಿ ತಿಳಿದುಕೊಳ್ಳಿ. ಅತಿ ಕಿರಿದಾದ ಕಡೆಯಲ್ಲಿ 250 ಮೈಕ್ರಾನ್ ಒಳಗಿದ್ದರೆ ಸಣ್ಣದು, 400ರವರೆಗೆ ಮಧ್ಯಮ, ಅದರ ಮೇಲೆ ದೊಡ್ಡದು. ದೊಡ್ಡದಕ್ಕೆ ಐಎಲ್‌ಎಂ ಅನ್ನು ಪೂರ್ತಿ ಕಿತ್ತು ಹಾಕದೆ ತೂತಿನ ಮೇಲೆ ಮಗುಚಿ ಹೊದಿಸುವ ವಿಧಾನ 2010ರಲ್ಲಿ ಬಂತು, ಅದರಿಂದ ಮುಚ್ಚುವ ಪ್ರಮಾಣ ಏರಿತು. ಆದರೆ ಮುಚ್ಚಿದ ರೀತಿಯಲ್ಲೂ ಅಂತರವಿದೆ. ಅಂಚುಗಳು ಕೂಡಿ ಪದರಗಳೆಲ್ಲ ಜೋಡಿಸಿಕೊಂಡಿದ್ದರೆ ಒಂದು ಬಗೆ. ಅಂಚು ಚಪ್ಪಟೆಯಾಗಿ ಕೂತು ನಡುವೆ ರೆಟಿನಾ ಇಲ್ಲದ ಜಾಗ ಉಳಿದಿದ್ದರೆ ಇನ್ನೊಂದು ಬಗೆ. ಎರಡನೆಯದರಲ್ಲಿ ದೃಷ್ಟಿ ಹೆಚ್ಚೇನೂ ಏರುವುದಿಲ್ಲ.

ಸ್ಕ್ಯಾನಿನಲ್ಲಿ ನಾನು ಮೊದಲು ಹುಡುಕುವುದು ಎರಡು ಬಿಳಿ ಗೆರೆಗಳನ್ನು: ಹೊರಗಿನ ಮಿತಿಪೊರೆ, ಅದರ ಕೆಳಗೆ ಎಲಿಪ್ಸಾಯ್ಡ್ ವಲಯ. ಬೆಳಕು ಹಿಡಿಯುವ ಕೋಶಗಳ ಸ್ಥಿತಿ ತಿಳಿಯುವುದು ಇವೆರಡರಿಂದ. ಮೊದಲು ಮಿತಿಪೊರೆ ಕೂಡುತ್ತದೆ, ಆಮೇಲೆ ಎಲಿಪ್ಸಾಯ್ಡ್ ಗೆರೆ. ಮಿತಿಪೊರೆ ಕೂಡದೆ ಎಲಿಪ್ಸಾಯ್ಡ್ ಕೂಡಿದ್ದನ್ನು ಕಾಣುವುದು ಅಪರೂಪ. ಮೂರನೇ ತಿಂಗಳಲ್ಲಿ ಎಲಿಪ್ಸಾಯ್ಡ್ ಗೆರೆಯಲ್ಲಿ ಸಣ್ಣ ಬಿರುಕು ಉಳಿದಿದ್ದರೆ ನಿರಾಶೆ ಬೇಡ, ಒಂದು ವರ್ಷದವರೆಗೂ ಅದು ಮುಚ್ಚುತ್ತ ಹೋಗುತ್ತದೆ, ದೃಷ್ಟಿಯೂ ಅದರ ಜೊತೆಗೆ ಏರುತ್ತದೆ. ಮಿತಿಪೊರೆಯೇ ಕೂಡಿಲ್ಲದಿದ್ದರೆ ನಿರೀಕ್ಷೆ ತಗ್ಗಿಸಬೇಕು.

ಕುತೂಹಲಿ
ಬೋರಲು ಮಲಗೋದು ನಿಜಕ್ಕೂ ಬೇಕಾ? ಕೆಲವರು ಒಂದು ವಾರ ಅಂತಾರೆ, ಕೆಲವರು ಬೇಡವೇ ಬೇಡ ಅಂತಾರೆ.

ಹಿಂಗಣ್ಣು
400 ಮೈಕ್ರಾನ್ ಒಳಗಿನ ತೂತಿಗೆ ಹೆಚ್ಚು ವ್ಯತ್ಯಾಸ ಕಾಣುವುದಿಲ್ಲ. ದೊಡ್ಡ ತೂತಿಗೆ ನಾನು ಬೋರಲು ಮಲಗಿಸುವ ಕಡೆಗೇ. 2020ರಲ್ಲಿ ಬಂದ ಪಿಐಎಂಎಸ್ ಅಧ್ಯಯನ ಕನಿಷ್ಠ 400 ಮೈಕ್ರಾನ್ ತೂತುಗಳದ್ದು. ಬೋರಲು ಇದ್ದವರಲ್ಲಿ ಶೇ. 95.5, ಮುಖ ನೇರ ಇಟ್ಟವರಲ್ಲಿ ಶೇ. 85.6 ಮುಚ್ಚಿದವು. ಅಂಕಿಶಾಸ್ತ್ರದ ಕಟ್ಟುನಿಟ್ಟಿನಲ್ಲಿ ಈ ಅಂತರ ಖಚಿತ ಎನ್ನಲಾಗದು. ಆದರೆ ಮೂರು ತಿಂಗಳ ದೃಷ್ಟಿಯಲ್ಲಿ ಬೋರಲು ಗುಂಪು ಸ್ಪಷ್ಟವಾಗಿ ಮುಂದಿತ್ತು. ಅಲ್ಲಿ ಕೇಳಿದ್ದು ದಿನಕ್ಕೆ ಕನಿಷ್ಠ 8 ಗಂಟೆ, 5 ದಿನ. ಇಡೀ ದಿನವಲ್ಲ.

ಪದರಪದರ
ಅಚ್ಚುಕಟ್ಟಾದ ಸ್ಕ್ಯಾನ್ ಗ್ಯಾಸ್ ಮೂಲಕವೂ ಒಮ್ಮೊಮ್ಮೆ ಸಿಗುತ್ತದೆ, ಮೊದಲ ದಿನವೇ ತೂತು ಮುಚ್ಚಿದ್ದು ಕಾಣಿಸಿದರೆ ಬೋರಲು ಮಲಗುವುದನ್ನು ಅಲ್ಲಿಗೇ ನಿಲ್ಲಿಸುವವರೂ ಇದ್ದಾರೆ. ನನಗೆ ಅದು ಸ್ವಲ್ಪ ಅವಸರ ಅನ್ನಿಸುತ್ತದೆ.

ಥಿಯೇಟರ್ ಸಿಸ್ಟರ್
ಭಂಗಿ ಹೇಳಿಕೊಡುವಾಗ ಆಗೋ ಎಡವಟ್ಟು: ಎಲ್ಲರಿಗೂ "ಬೋರಲು" ಅನ್ನೋದು. ರೆಟಿನಾ ಕಳಚಿದ ಕೇಸಿನಲ್ಲಿ ಹರಿದ ಜಾಗ ಎಲ್ಲಿದೆಯೋ ಅದು ಮೇಲಕ್ಕೆ ಬರಬೇಕು, ಗುಳ್ಳೆ ಅಲ್ಲಿಗೆ ಹೋಗಿ ಒತ್ತಬೇಕು. ಮೇಲೆ ಹರಿದಿದ್ದರೆ ತಲೆ ನೆಟ್ಟಗೆ, ಪಕ್ಕದಲ್ಲಿ ಹರಿದಿದ್ದರೆ ಅದರ ಎದುರು ಮಗ್ಗುಲು. ಗ್ಯಾಸ್ ಇರೋವಾಗ ತುಂಬಾ ಹೊತ್ತು ಅಂಗಾತ ಮಾತ್ರ ಮಲಗಬಾರದು. ಗುಳ್ಳೆ ಮುಂದಕ್ಕೆ ಬಂದು ಮಸೂರಕ್ಕೆ ತಾಗುತ್ತೆ, ಮಸೂರ ಮಬ್ಬಾಗುತ್ತೆ, ಪ್ರೆಶರ್ ಏರಬಹುದು.

ಚಾರ್ಟ್ ಮೇಡಂ
ಮ್ಯಾಕುಲಾ ಮೇಲಿನ ತೆಳುಪದರದ ಬಗ್ಗೆ ಯಾರೂ ಬರೀಲಿಲ್ಲ, ಚಿಕ್ಕದಾಗಿ ನಾನೇ ಬರೀತೀನಿ. ಇದರಲ್ಲಿ ಜನ ದೂರು ತರೋದು ಮಂಜಿಗಿಂತ ಹೆಚ್ಚಾಗಿ ಸೊಟ್ಟ ಕಾಣೋದಕ್ಕೆ: ಬಾಗಿಲ ಚೌಕಟ್ಟು ಬಾಗಿದ ಹಾಗೆ, ಅಕ್ಷರ ಒಂದು ಕಣ್ಣಿಗೆ ದೊಡ್ಡದಾಗಿ. ಪದರ ಸುಲಿದ ಮೇಲೆ ಹೆಚ್ಚಿನವರಿಗೆ ಎರಡು ಸಾಲು ಅಥವಾ ಜಾಸ್ತಿ ದೃಷ್ಟಿ ಬರುತ್ತೆ, ಅದೂ ನಿಧಾನಕ್ಕೆ, 6ರಿಂದ 12 ತಿಂಗಳು ಹಿಡಿದು. ಸೊಟ್ಟತನ ಕಡಿಮೆಯಾಗುತ್ತೆ. ಪೂರ್ತಿ ಹೋಗೋದು ಕಡಿಮೆ ಜನಕ್ಕೆ. ವಸ್ತು ದೊಡ್ಡದಾಗಿ ಕಾಣೋದಂತೂ ಹಟಮಾರಿ, ಚಾರ್ಟಿನಲ್ಲಿ 6/9 ಓದ್ತಾರೆ, ಎರಡೂ ಕಣ್ಣು ತೆರೆದರೆ ಕಿರಿಕಿರಿ ಅಂತಾರೆ. ಎರಡು ಕಣ್ಣಿನ ಬಿಂಬದ ಗಾತ್ರ ಬೇರೆ ಬೇರೆ, ಅದನ್ನು ಚಾರ್ಟ್ ಹಿಡಿಯೋದೇ ಇಲ್ಲ.

ಹಾಗಾಗಿ 6/9 ಇರೋವಾಗ ಆಪರೇಷನ್ ಮಾಡಿಸಬೇಕಾ ಅನ್ನೋದು ಚಾರ್ಟಿನ ಪ್ರಶ್ನೆ ಅಲ್ಲ. ಓದೋಕೆ, ಗಾಡಿ ಓಡಿಸೋಕೆ ಎಷ್ಟು ಅಡ್ಡಿಯಾಗ್ತಿದೆ ಅನ್ನೋ ಪ್ರಶ್ನೆ. ಹಾಗಂತ ತೀರಾ ಕಾಯೋದೂ ನಷ್ಟವೇ. ಆಪರೇಷನ್‌ಗೆ ಮುಂಚೆ ದೃಷ್ಟಿ ಚೆನ್ನಾಗಿದ್ದಷ್ಟೂ ಕೊನೆಗೆ ಸಿಗೋದೂ ಚೆನ್ನಾಗಿರುತ್ತೆ.

ಹಿಂಗಣ್ಣು
ಇದೇ ಮಾತಿಗೆ ಕಳಚಿದ ರೆಟಿನಾದಲ್ಲೂ ಒಂದು ಪಾಠವಿದೆ. 2019ರ ಪಿವಟ್ ಅಧ್ಯಯನ ವಿಟ್ರೆಕ್ಟಮಿಯನ್ನೂ ನ್ಯುಮ್ಯಾಟಿಕ್ ರೆಟಿನೋಪೆಕ್ಸಿಯನ್ನೂ ಹೋಲಿಸಿತು. ಎರಡನೆಯದೆಂದರೆ ಕಣ್ಣೊಳಗೆ ಗ್ಯಾಸ್ ಇಂಜೆಕ್ಷನ್ ಕೊಟ್ಟು, ಲೇಸರ್ ಅಥವಾ ಶೀತಚಿಕಿತ್ಸೆಯಿಂದ ಹರಿದ ಜಾಗವನ್ನು ಮುಚ್ಚಿ, ತಲೆಯ ಭಂಗಿಯಿಂದಲೇ ರೆಟಿನಾ ಕೂರಿಸುವುದು. ಒಂದೇ ಸಲಕ್ಕೆ ಅಂಟಿದ್ದು ವಿಟ್ರೆಕ್ಟಮಿಯಲ್ಲಿ ಶೇ. 93.2, ನ್ಯುಮ್ಯಾಟಿಕ್‌ನಲ್ಲಿ ಶೇ. 80.8. ಆದರೆ ವರ್ಷದ ಕೊನೆಗೆ ದೃಷ್ಟಿ ಚೆನ್ನಾಗಿದ್ದದ್ದು ನ್ಯುಮ್ಯಾಟಿಕ್ ಗುಂಪಿನಲ್ಲಿ: ಚಾರ್ಟಿನಲ್ಲಿ 79.9 ಅಕ್ಷರ, ವಿಟ್ರೆಕ್ಟಮಿಯಲ್ಲಿ 75. ಸೊಟ್ಟ ಕಾಣುವುದೂ ಕಡಿಮೆ.

ಕುತೂಹಲಿ
ಅಂಟುವ ಪ್ರಮಾಣ ಕಡಿಮೆ, ದೃಷ್ಟಿ ಹೆಚ್ಚು. ಇದು ಹೇಗೆ?

ಪದರಪದರ
ಅಂಟಿದ ರೆಟಿನಾ ತನ್ನ ಮೂಲಜಾಗದಲ್ಲೇ ಅಂಟಿತೇ ಎಂಬ ಪ್ರಶ್ನೆ ಉಳಿದಿರುತ್ತದೆ. ವಿಟ್ರೆಕ್ಟಮಿಯಲ್ಲಿ ದ್ರವವನ್ನು ಎಳೆದು, ದೊಡ್ಡ ಗುಳ್ಳೆ ತುಂಬುವಾಗ ಒಳಗೆ ಉಳಿದ ದ್ರವ ರೆಟಿನಾವನ್ನು ಸ್ವಲ್ಪ ಕೆಳಕ್ಕೆ ಜಾರಿಸಬಹುದು. ಆಟೋಫ್ಲೋರೆಸೆನ್ಸ್ ಚಿತ್ರದಲ್ಲಿ (ಕಣ್ಣಿನ ಹಿಂಭಾಗದ ಸಹಜ ಹೊಳಪನ್ನು ಹಿಡಿಯುವ ಫೋಟೋ) ಇದು ಗೊತ್ತಾಗುತ್ತದೆ: ರಕ್ತನಾಳದ ಪಕ್ಕದಲ್ಲಿ, ಅದು ಮುಂಚೆ ಇದ್ದ ಜಾಗದಲ್ಲಿ, ಇನ್ನೊಂದು ಹೊಳಪಿನ ಗೆರೆ. ಸಾಧಾರಣ ಫೋಟೋದಲ್ಲಿ ಕಾಣುವುದೇ ಇಲ್ಲ. "ರೆಟಿನಾ ಅಂಟಿದೆ, ಒಸಿಟಿ ಚೆನ್ನಾಗಿದೆ, ಆದರೂ ಗೆರೆ ಸೊಟ್ಟ" ಎನ್ನುವವರಿಗೆ ಈ ಒಂದು ಚಿತ್ರ ತೆಗೆದು ನೋಡಬೇಕು.

ಹಿಂಗಣ್ಣು
ಒಪ್ಪಿದೆ, ಆದರೆ ಪಿವಟ್ ಅನ್ನು ಎಲ್ಲರಿಗೂ ಹಚ್ಚಬಾರದು. ಅದರಲ್ಲಿ ತೆಗೆದುಕೊಂಡಿದ್ದು ಮೇಲ್ಭಾಗದಲ್ಲಿ ಹರಿದ ರೆಟಿನಾಗಳನ್ನು. ಕೆಳಭಾಗದಲ್ಲಿ ಹರಿದ ರೆಟಿನಾ, ಗಾಯದ ಪೊರೆ ಕಟ್ಟಿದ ರೆಟಿನಾ, ಭಂಗಿ ಪಾಲಿಸಲಾರದ ರೋಗಿ, ಇವರಿಗೆ ಅದು ದಾರಿಯಲ್ಲ. ಬಕಲ್ ಅನ್ನೂ ಮರೆಯಬೇಡಿ. ಸ್ವಂತ ಮಸೂರ ಇರುವ ಕಿರಿಯರಲ್ಲಿ, ವಿಟ್ರಿಯಸ್ ಇನ್ನೂ ರೆಟಿನಾದಿಂದ ಬಿಟ್ಟುಕೊಂಡಿರದ ಕಣ್ಣಿನಲ್ಲಿ, ಹೊರಗಿನಿಂದ ಸಿಲಿಕಾನ್ ಪಟ್ಟಿ ಹೊಲಿಯುವುದೇ ಈಗಲೂ ಒಳ್ಳೆಯದು. ಅದರ ಬೆಲೆ ಕನ್ನಡಕದಲ್ಲಿ ತೆರಬೇಕು: ಸುತ್ತು ಪಟ್ಟಿ ಕಣ್ಣನ್ನು ಉದ್ದ ಮಾಡುತ್ತದೆ, ಮೈನಸ್ 2ರಿಂದ 3 ಡಯಾಪ್ಟರ್ (ಕನ್ನಡಕದ ನಂಬರ್) ಏರಬಹುದು. ಬಕಲ್ ಆದವರಲ್ಲಿ ಮ್ಯಾಕುಲಾ ಕೆಳಗೆ ತೆಳ್ಳಗೆ ದ್ರವ ತಿಂಗಳುಗಟ್ಟಲೆ ಉಳಿಯುವುದೂ ಉಂಟು. ಅದು ತಾನೇ ಹೀರಿಹೋಗುತ್ತದೆ, ಹೋದ ಮೇಲೆ ದೃಷ್ಟಿ ಏರುತ್ತದೆ. ಅವಸರಕ್ಕೆ ಬಿದ್ದು ಮತ್ತೆ ಆಪರೇಷನ್ ಮಾಡಬಾರದು.

ಹನಿಲೆಕ್ಕ
ಸಕ್ಕರೆ ಕಾಯಿಲೆಯ ಕಣ್ಣಿನ ಬಗ್ಗೆ ನಾನು ಬರೀತೀನಿ, ಇಲ್ಲಿ ನಿರೀಕ್ಷೆ ಮತ್ತು ಫಲಿತಾಂಶದ ಅಂತರ ಅತಿ ದೊಡ್ಡದು.

ಬರೀ ರಕ್ತ ತುಂಬಿದ ಕಣ್ಣು, ಹಿಂದೆ ಮ್ಯಾಕುಲಾ ಚೆನ್ನಾಗಿದೆ: ವಿಟ್ರೆಕ್ಟಮಿ ಆದ ಕೆಲವೇ ದಿನಗಳಲ್ಲಿ ಕೈ ಆಡಿಸಿದ್ದು ಕಾಣುತ್ತಿದ್ದವರು 6/12 ಓದಬಹುದು. ಗಾಯದ ಪೊರೆ ಎಳೆದು ಮ್ಯಾಕುಲಾವನ್ನೇ ಎತ್ತಿದ ಕಣ್ಣು: ಪೊರೆ ಬಿಡಿಸಿ ರೆಟಿನಾ ಕೂರಿಸಿದರೂ 6/60 ಹತ್ತಿರ ನಿಲ್ಲಬಹುದು, ಇದ್ದದ್ದನ್ನು ಉಳಿಸಿಕೊಂಡಿದ್ದೇ ಲಾಭ. ಮೂರನೆಯದು ಮ್ಯಾಕುಲಾದ ಸಣ್ಣ ರಕ್ತನಾಳಗಳೇ ಮುಚ್ಚಿಹೋದ ಕಣ್ಣು. ಇದನ್ನು ಯಾವ ಆಪರೇಷನ್ನೂ ಸರಿಮಾಡಲ್ಲ. ರಕ್ತ ತುಂಬಿರುವಾಗ ಆಂಜಿಯೋಗ್ರಫಿ (ರೆಟಿನಾದ ರಕ್ತನಾಳಗಳ ಚಿತ್ರ) ಸಾಧ್ಯವಿಲ್ಲ, ಹಾಗಾಗಿ ಮುಂಚೆ ತೆಗೆದ ಹಳೇ ಚಿತ್ರ ಇದ್ದರೆ ಹುಡುಕಿ ಕೊಡಿ. ಇನ್ನೊಂದು ಕಣ್ಣಿನ ಮ್ಯಾಕುಲಾ ನೋಡಿಯೂ ಒಂದು ಅಂದಾಜು ಮಾಡಬಹುದು.

1985ರಲ್ಲಿ ಪ್ರಕಟವಾದ ಡಿಆರ್‌ವಿಎಸ್ ಅಧ್ಯಯನದಲ್ಲಿ, ತೀವ್ರ ರಕ್ತಸ್ರಾವಕ್ಕೆ ಬೇಗ ವಿಟ್ರೆಕ್ಟಮಿ ಮಾಡಿದವರಲ್ಲಿ ಎರಡು ವರ್ಷದ ಕೊನೆಗೆ ಶೇ. 25 ಜನ 6/12ರಷ್ಟು ಅಥವಾ ಅದಕ್ಕಿಂತ ಚೆನ್ನಾದ ದೃಷ್ಟಿ ಪಡೆದರು. ಒಂದು ವರ್ಷ ಕಾದವರಲ್ಲಿ ಶೇ. 15. ಟೈಪ್ 1 ಇದ್ದವರಲ್ಲಿ ಈ ಅಂತರ ಇನ್ನೂ ದೊಡ್ಡದು, 36ಕ್ಕೆ 12. ಆಗ ಒಳಗಡೆಯ ಲೇಸರ್ ಸಹ ರೂಢಿಯಲ್ಲಿರಲಿಲ್ಲ, ಈಗಿನ ಫಲಿತಾಂಶ ಅದಕ್ಕಿಂತ ಎಷ್ಟೋ ಮೇಲು. 2020ರ ಪ್ರೋಟೋಕಾಲ್ ಎಬಿ ಅಧ್ಯಯನದಲ್ಲಿ, ಹೊಸ ರಕ್ತನಾಳಗಳನ್ನು ಕುಗ್ಗಿಸೋ ಅಫ್ಲಿಬರ್ಸೆಪ್ಟ್ ಇಂಜೆಕ್ಷನ್ ಮತ್ತು ವಿಟ್ರೆಕ್ಟಮಿ ಎರಡನ್ನೂ ಹೋಲಿಸಿದರು. 24 ವಾರಗಳ ಸರಾಸರಿ ದೃಷ್ಟಿಯಲ್ಲಿ ಗಮನಾರ್ಹ ವ್ಯತ್ಯಾಸ ಇರಲಿಲ್ಲ, ಆದರೆ ಬೇಗ ತಿಳಿಯಾಗಿದ್ದು ವಿಟ್ರೆಕ್ಟಮಿಯಲ್ಲಿ. ಒಂದೇ ಕಣ್ಣಿನ ಮೇಲೆ ಬದುಕು ನಡೆಸೋರಿಗೆ ಆ "ಬೇಗ" ಅನ್ನೋದು ಸಣ್ಣ ಮಾತಲ್ಲ.

ಆಪರೇಷನ್ ಆದ ಮೇಲೆ ಮತ್ತೆ ರಕ್ತ ಕಾಣಿಸಿಕೊಂಡರೆ ಯಾವಾಗ ಅಂತ ನೋಡಿ. ಮೊದಲ ಕೆಲವು ದಿನಗಳಲ್ಲಿ ಕಾಣೋದು ಹೆಚ್ಚಾಗಿ ಅಂಚಿನಲ್ಲಿ ಉಳಿದ ಹಳೇ ರಕ್ತ ಕರಗಿ ಬಂದಿದ್ದು, ದಿಂಬು ಎತ್ತರ ಮಾಡಿ ಮಲಗಿದರೆ ವಾರಗಳಲ್ಲಿ ತಿಳಿಯಾಗುತ್ತೆ. ತಿಂಗಳುಗಳ ನಂತರ ಹೊಸದಾಗಿ ಬಂದರೆ ಆಪರೇಷನ್ ಮಾಡೋಕೆ ರಂಧ್ರ ಹಾಕಿದ ಜಾಗದಲ್ಲಿ ಹೊಸ ರಕ್ತನಾಳ ಬೆಳೆದಿರಬಹುದು, ಅಥವಾ ಲೇಸರ್ ಸಾಲದೇ ಇರಬಹುದು. ಐರಿಸ್ ಮೇಲೆ ಹೊಸ ರಕ್ತನಾಳ ಬಂದಿದೆಯಾ ಅಂತ ಪಾಪೆ ಹಿಗ್ಗಿಸೋ ಹನಿ ಹಾಕುವ ಮುಂಚೆಯೇ ನೋಡಬೇಕು. ಹನಿ ಹಾಕಿದ ಮೇಲೆ ಆ ಎಳೆ ನಾಳಗಳು ಕಣ್ಣಿಗೆ ಬೀಳಲ್ಲ.

ಹಿಂಗಣ್ಣು
ಹನಿಲೆಕ್ಕ ಅವರು ಬರೆದಿದ್ದಕ್ಕೆ ಒಂದು ಸಣ್ಣ ಸೇರ್ಪಡೆ. ಆಪರೇಷನ್‌ಗೆ ಮುಂಚೆ ಕೊಡುವ ಬೆವಾಸಿಝುಮ್ಯಾಬ್, ಅದೂ ಅಂಥದೇ ಇಂಜೆಕ್ಷನ್, ರಕ್ತಸ್ರಾವ ತಗ್ಗಿಸುತ್ತದೆ, ಆದರೆ ಗಟ್ಟಿ ಪೊರೆ ಇರುವ ಕಣ್ಣಿನಲ್ಲಿ ಅದೇ ಪೊರೆ ಮುದುಡಿ ರೆಟಿನಾವನ್ನು ಇನ್ನಷ್ಟು ಎಳೆಯಬಹುದು. ಇಂಜೆಕ್ಷನ್ ಕೊಟ್ಟು ಆಪರೇಷನ್ ದಿನಾಂಕ ಮುಂದೂಡುವುದೇ ಇದರಲ್ಲಿ ಆಗುವ ಅನಾಹುತ. ಕೊಟ್ಟರೆ ಕೆಲವೇ ದಿನಗಳಲ್ಲಿ ಆಪರೇಷನ್ ಆಗಿಬಿಡಬೇಕು.

ಕುತೂಹಲಿ
ಎಲ್ಲ ಸರಿಹೋಗಿ, 6/12 ಓದಿ, ಒಂದು ವರ್ಷದ ಮೇಲೆ ಮತ್ತೆ ಮಂಜಾಗ್ತಾ ಬಂದರೆ? ಮತ್ತೆ ರೆಟಿನಾ ತೊಂದರೆನಾ?

ಚಾರ್ಟ್ ಮೇಡಂ
ಮೊದಲು ಮಸೂರದ ಪೊರೆ (ಕ್ಯಾಟರಾಕ್ಟ್) ಅಂತ ಯೋಚಿಸಿ. ವಿಟ್ರಿಯಸ್ ತೆಗೆದ ಮೇಲೆ ಮಸೂರದ ಸುತ್ತ ಆಮ್ಲಜನಕ ಹೆಚ್ಚಾಗುತ್ತೆ, ಮಸೂರದ ನಡುಭಾಗ ಬೇಗ ಗಟ್ಟಿಯಾಗುತ್ತೆ. 50 ದಾಟಿದವರಲ್ಲಿ ಬಹುಪಾಲು ಮಂದಿಗೆ ಎರಡು ವರ್ಷದ ಒಳಗೆ ಪೊರೆ ಆಪರೇಷನ್ ಬೇಕಾಗುತ್ತೆ. ಇದರ ಸುಳಿವು ಮೈನಸ್ ನಂಬರ್ ಏರೋದು. ದೂರ ಮಂಜು, ಆದರೆ ಓದೋ ಕನ್ನಡಕ ಬೇಡ ಅನ್ನಿಸುತ್ತೆ. ಜನ ಅದನ್ನು ಸುಧಾರಣೆ ಅಂದುಕೊಳ್ತಾರೆ. ಇದನ್ನು ರೆಟಿನಾ ಆಪರೇಷನ್ ವಿಫಲ ಅಂತ ಲೆಕ್ಕ ಹಾಕಬಾರದು, ಪೊರೆ ತೆಗೆದರೆ ಹೋದ ಸಾಲುಗಳು ವಾಪಸ್ ಬರುತ್ತವೆ.

ಆದರೆ ದಿನಗಳಲ್ಲಿ ಇಳಿದ ದೃಷ್ಟಿ ಪೊರೆ ಅಲ್ಲ. ಪಕ್ಕದಿಂದ ಪರದೆ ಬಂದ ಹಾಗೆ, ಹೊಸ ಮಿಂಚು, ನೋವು ಜೊತೆಗೆ ಕೆಂಪು, ಇದರಲ್ಲಿ ಒಂದಿದ್ದರೂ ಅದೇ ದಿನ ತೋರಿಸಬೇಕು.

ಹಿಂಗಣ್ಣು
ಕಳಚಿದ ರೆಟಿನಾ ಅಂಟಿಸಿದ ಮೇಲೆ 4ರಿಂದ 12 ವಾರದ ಅವಧಿಯನ್ನು ವಿಶೇಷವಾಗಿ ಕಾಯಬೇಕು. ರೆಟಿನಾದ ಮೇಲೆ ಗಾಯದ ಪೊರೆ ಕಟ್ಟಿಕೊಂಡು ಮತ್ತೆ ಎಳೆಯುವ ಕಾಯಿಲೆ, ಪಿವಿಆರ್, ಹೆಚ್ಚಾಗಿ ಆಗಲೇ ಬರುವುದು. ಸುಮಾರು ಶೇ. 5ರಿಂದ 10 ಕಣ್ಣುಗಳಲ್ಲಿ. ಮೊದಲ ಆಪರೇಷನ್ ಸೋಲಲು ದೊಡ್ಡ ಕಾರಣ ಅದೇ. ಇಂಥ ಕಣ್ಣಿನಲ್ಲಿ ರೆಟಿನಾವನ್ನು ಒತ್ತಿ ಹಿಡಿಯಲು ಗ್ಯಾಸ್ ಬದಲು ಹೆಚ್ಚಾಗಿ ಸಿಲಿಕಾನ್ ಎಣ್ಣೆ ಬೇಕಾಗುತ್ತದೆ.

ಕುತೂಹಲಿ
ಎಣ್ಣೆ ಇರುವಾಗ ದೃಷ್ಟಿ ಕಡಿಮೆ ಅಂತಾರೆ, ತೆಗೆದ ಮೇಲೆ ಎಷ್ಟು ಬರುತ್ತೆ?

ಚಾರ್ಟ್ ಮೇಡಂ
ಎಣ್ಣೆ ಬೆಳಕು ಬಾಗಿಸೋ ಶಕ್ತಿಯನ್ನೇ ಬದಲಿಸುತ್ತೆ. ಮಸೂರ ಇರೋ ಕಣ್ಣಿಗೆ ಸುಮಾರು ಪ್ಲಸ್ 5, 6 ಡಯಾಪ್ಟರ್ ಬಂದುಬಿಡುತ್ತೆ. ಎಣ್ಣೆ ಇರೋವಾಗಿನ 6/60ಅನ್ನು ಕನ್ನಡಕ ಹಾಕದೇ ಅಳೆದಿದ್ದರೆ ಅದು ಕಣ್ಣಿನ ನಿಜವಾದ ಶಕ್ತಿ ಅಲ್ಲ. ಪ್ಲಸ್ ಮಸೂರ ಇಟ್ಟು ಅಳೆಯಬೇಕು. ಹಾಗೆ ಅಳೆದಾಗ ಬಂದ ದೃಷ್ಟಿ, ಎಣ್ಣೆ ತೆಗೆದ ಮೇಲೆ ಏನು ಸಿಗಬಹುದು ಅನ್ನೋದಕ್ಕೆ ಹತ್ತಿರದ ಅಂದಾಜು.

ಹಿಂಗಣ್ಣು
ಸಾಮಾನ್ಯವಾಗಿ 3ರಿಂದ 6 ತಿಂಗಳಲ್ಲಿ ತೆಗೆಯುತ್ತೇವೆ. 1,000 ಸೆಂಟಿಸ್ಟೋಕ್ (ಮಂದತೆಯ ಅಳತೆ) ಎಣ್ಣೆ ಹಾಕಲು ತೆಗೆಯಲು ಸುಲಭ, 5,000ದ್ದು ಮಂದ, ಸಣ್ಣ ಹನಿಗಳಾಗಿ ಒಡೆಯುವುದು ನಿಧಾನ. ತಡ ಮಾಡಿದಷ್ಟೂ ಆ ಹನಿಗಳು ಮುಂದಿನ ಕೋಣೆಗೆ ಬಂದು ಗ್ಲಕೋಮಾ, ಕಾರ್ನಿಯಾ ಮಬ್ಬು ತರುತ್ತವೆ. ಬೇಗ ತೆಗೆದರೆ ರೆಟಿನಾ ಮತ್ತೆ ಕಳಚುವ ಭಯ. ಅಪರೂಪಕ್ಕೆ, ರೆಟಿನಾ ಅಂಟಿದ್ದು ಎಣ್ಣೆಯೂ ತಿಳಿಯಾಗಿದ್ದು ದೃಷ್ಟಿ ಮಾತ್ರ ಕುಸಿಯುತ್ತದೆ, ಎಣ್ಣೆ ಇರುವಾಗಲೋ ತೆಗೆದ ತಕ್ಷಣವೋ. ಕಾರಣ ಇನ್ನೂ ಬಗೆಹರಿದಿಲ್ಲ. ಮ್ಯಾಕುಲಾ ಕಳಚಿರದೆ ಚೆನ್ನಾಗಿ ಕಾಣುತ್ತಿದ್ದ ಕಣ್ಣಿಗೆ ಎಣ್ಣೆ ಹಾಕುವಾಗ ಇದನ್ನು ಮುಂಚೆ ಹೇಳಿರಬೇಕು.

ಕುತೂಹಲಿ
ಕೊನೇದಾಗಿ, ಹೊಸ ಕನ್ನಡಕ ಯಾವಾಗ? ಮನೆಯಲ್ಲಿ ನೋಡಿಕೊಳ್ಳೋ ಪರೀಕ್ಷೆ ಏನಾದರೂ?

ಚಾರ್ಟ್ ಮೇಡಂ
ಗ್ಯಾಸ್ ಪೂರ್ತಿ ಹೋಗಿ, ಎರಡು ವಾರದ ಅಂತರದಲ್ಲಿ ಎರಡು ಸಲ ಅಳೆದಾಗ ಒಂದೇ ನಂಬರ್ ಬಂದರೆ ಕನ್ನಡಕ ಮಾಡಿಸಿ. ವಿಟ್ರೆಕ್ಟಮಿಗೆ ಸಾಮಾನ್ಯವಾಗಿ 6ರಿಂದ 8 ವಾರ, ಸಿ3ಎಫ್8 ಆದರೆ ಇನ್ನೂ ತಡ, ಬಕಲ್‌ಗೆ ಮೂರು ತಿಂಗಳು. ಎಣ್ಣೆ ತೆಗೆಯೋದು ಬಾಕಿ ಇದ್ದರೆ ದುಬಾರಿ ಗಾಜು ಬೇಡ. ಎರಡು ಕಣ್ಣಿನ ನಂಬರ್‌ನಲ್ಲಿ 3 ಡಯಾಪ್ಟರ್‌ಗಿಂತ ಹೆಚ್ಚು ಅಂತರ ಇದ್ದರೆ ಕನ್ನಡಕ ಒಗ್ಗೋದು ಕಷ್ಟ, ಕಾಂಟ್ಯಾಕ್ಟ್ ಲೆನ್ಸ್ ಕೇಳಿ.

ಮನೆಯಲ್ಲಿ: ಒಂದೊಂದು ಕಣ್ಣು ಮುಚ್ಚಿ, ಅದೇ ದೀಪ, ಅದೇ ದೂರ. ಓದೋ ಕನ್ನಡಕ ಹಾಕಿ ಆಮ್ಸ್ಲರ್ ಚೌಕಟ್ಟು (ಚೌಕಳಿ ಗೆರೆಗಳ ಹಾಳೆ) 30 ಸೆಂ.ಮೀ. ದೂರದಲ್ಲಿ, ವಾರಕ್ಕೊಮ್ಮೆ ಸಾಕು. ದಿನಕ್ಕೆ ನಾಲ್ಕು ಸಲ ನೋಡಿದರೆ ಸೊಟ್ಟ ಗೆರೆ ಬಿಟ್ಟು ಬೇರೇನೂ ಕಾಣಲ್ಲ. ಅಂಚಿನ ನೋಟಕ್ಕೆ, ಬಾಗಿಲ ಎದುರು ನಿಂತು ನಡುವೆ ಒಂದು ಗುರುತು ದಿಟ್ಟಿಸಿ, ನಾಲ್ಕೂ ಮೂಲೆ ಕಾಣುತ್ತಾ ನೋಡಿ. ಗ್ಯಾಸ್ ಇರೋವಾಗ ಈ ಎರಡೂ ಪರೀಕ್ಷೆಗೆ ಅರ್ಥ ಇಲ್ಲ.

ಥಿಯೇಟರ್ ಸಿಸ್ಟರ್
ಹನಿಯದ್ದೂ ಸೇರಿಸಿಬಿಡಿ. ಸ್ಟಿರಾಯ್ಡ್ ಹನಿ ಒಂದೇ ಸಲ ನಿಲ್ಲಿಸಬಾರದು, 4ರಿಂದ 6 ವಾರದಲ್ಲಿ ಇಳಿಸುತ್ತಾ ಬರಬೇಕು. ಚೆನ್ನಾಗಿ ಕಾಣುತ್ತೆ ಅಂತ ಮೂರನೇ ವಾರದ ಚೆಕಪ್ ತಪ್ಪಿಸೋರು ಜಾಸ್ತಿ. ಕೆಲವರಿಗೆ ಸ್ಟಿರಾಯ್ಡ್‌ನಿಂದ ಪ್ರೆಶರ್ ಏರೋದು ಸರಿಯಾಗಿ ಆ ಹೊತ್ತಿಗೇ, ನೋವಿಲ್ಲದೆ. ಒಂದಕ್ಕಿಂತ ಹೆಚ್ಚು ಹನಿ ಇದ್ದರೆ ನಡುವೆ 5 ನಿಮಿಷ ಬಿಡಿ, ಇಲ್ಲದಿದ್ದರೆ ಎರಡನೇದು ಮೊದಲನೇದನ್ನು ತೊಳೆದುಕೊಂಡು ಹೋಗುತ್ತೆ.